ಕಣ್ಣಿರುವ ಹೋಳು

ಇವತ್ತು ಬೆಳಿಗ್ಗೆ ನಮ್ಮ ಎದುರು ಫ್ಲ್ಯಾಟಿನ ಗುಜರಾತಿ ಭಾಭಿ ಬಾಗಿಲಲ್ಲಿ ನಿಂತು, ನನ್ನ ಅಮ್ಮನ ಮುಂದೆ ಅಂಗೈ ಚಾಚಿ, "ಕಾಯ್ ಆಜೀ?" ಎಂದಳು. ಎಂದವಳು ತಾನೇ ಕಿಸಕ್ಕನೆ ನಕ್ಕಳು. ಅಮ್ಮನೂ ನಕ್ಕಳು. ನಗುತ್ತಲೇ ಒಳಗೆ ಹೋಗಿ, ಆಗಷ್ಟೇ ಒಡೆದಿಟ್ಟಿದ್ದ ತೆಂಗಿನಕಾಯಿಯ ಒಂದು ಹೋಳನ್ನು ತಂದು ಅವಳ ಕೈಯಲ್ಲಿಟ್ಟಳು. ಭಾಭಿ ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು, ಮೊಬೈಲಿನಲ್ಲಿ ಅಮ್ಮನ ಜೊತೆ ಒಂದು ಫೋಟೋ ತೆಗೆದುಕೊಂಡು ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಇನ್ನೊಂದು ಹೋಳು ಉಳಿಯಿತು. ಮನೆಯೆಲ್ಲ ಹಸಿ ಕಾಯಿಯ ವಾಸನೆ. ನಾನು ಆ ಹೋಳಿನ ಎದುರು ನಿಂತು ಹೊಟ್ಟೆ ಉರಿಸಿಕೊಂಡೆ.

ಅರ್ಧ ತೆಂಗಿನಕಾಯಿ ಹೋಯಿತೆಂದು ಉರಿದುಕೊಳ್ಳುವಷ್ಟು ಸಣ್ಣವಳಲ್ಲ ನಾನು. ನನ್ನ ಸಣ್ಣತನಗಳು ಬೇರೆಯೇ ಇವೆ, ಒಂದೊಂದಾಗಿ ಹೇಳುತ್ತೇನೆ, ಕೂತುಕೊಳ್ಳಿ. ಮೊದಲನೆಯದು ಏನೆಂದರೆ, ಆ 'ಕಾಯ್' ತಮಾಷೆ ನಮ್ಮ ಮನೆಯದು. ನಮ್ಮ ಖಾಸಾ ಸ್ವತ್ತು. ಅದೀಗ ಟಿವಿಯಲ್ಲಿ ಬಂದು, ಕಾಂದಿವಲಿಯ ಗುಜರಾತಿ ಭಾಭಿಯಿಂದ ಹಿಡಿದು ಲೋಕಲ್ ಟ್ರೇನಿನಲ್ಲಿ ಸೇಫ್ಟಿಪಿನ್ ಮಾರುವವಳ ತನಕ ಎಲ್ಲರ ಬಾಯಲ್ಲಿದೆ. ಬಾಯಿಗೆ ಬಂದರೆ ಬರಲಿ, ಅದು ಎಲ್ಲಿಂದ ಬಂತು ಎಂದು ಒಬ್ಬರಿಗಾದರೂ ಗೊತ್ತಿರಬೇಡವೇ?

ಎಲ್ಲಿಂದ ಬಂತೆಂದರೆ, ಕುರ್ಲಾದ ಒಂದು ಚಾಳಿನಿಂದ. ಅಮ್ಮ ಉಡುಪಿಯ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಬಂದಾಗ ಅವಳಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಮರಾಠಿಯಲ್ಲಿ 'ಕಾಯ್' ಎಂದರೆ 'ಏನು' ಎಂಬುದು ಮುಂಬಯಿಯ ಕಾಗೆಗೂ ಗೊತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಪಕ್ಕದ ಖೋಲಿಯ ಸುಲೋಚನಾ ಕಾಕು ಬೆಳಿಗ್ಗೆ ನಲ್ಲಿಯ ಹತ್ತಿರ ಹೊಸ ಹುಡುಗಿಯನ್ನು ಕಂಡು ಪ್ರೀತಿಯಿಂದ, "ಕಾಯ್ ವಹಿನೀ?" ಎಂದರು. ಏನಮ್ಮಾ ಅತ್ತಿಗೆ, ಹೇಗಿದ್ದೀ ಎಂಬ ಅರ್ಥದಲ್ಲಿ. ಅಮ್ಮ ಏನು ತಿಳಿದಳೆಂದರೆ, ತಾನು ಊರಿನಿಂದ ಗೋಣಿಯಲ್ಲಿ ತೆಂಗಿನಕಾಯಿ ತಂದದ್ದನ್ನು ಈ ಹೆಂಗಸು ನೋಡಿದ್ದಾಳೆ, ಒಂದು ಕಾಯಿ ಕೇಳುತ್ತಿದ್ದಾಳೆ. ಇಡೀ ಕಾಯಿ ಕೊಡಲು ಮನಸ್ಸು ಬರಲಿಲ್ಲ. ಕೊಡದೆ ಇರಲು ನಾಚಿಕೆ. ಒಡೆದು ಅರ್ಧ ಕೊಟ್ಟಳು.

ಮಾರನೇ ದಿನ ಮತ್ತೆ "ಕಾಯ್ ವಹಿನೀ?" ಮತ್ತೆ ಅರ್ಧ ಕಾಯಿ. ಅತ್ತ ಕಾಕುವಿನ ಫಜೀತಿಯೂ ಕಡಿಮೆಯದಲ್ಲ. ಈ ದಕ್ಷಿಣದವರಲ್ಲಿ ಯಾರಾದರೂ ಕ್ಷೇಮ ವಿಚಾರಿಸಿದರೆ ಅರ್ಧ ತೆಂಗಿನಕಾಯಿ ಕೊಡುವ ಪದ್ಧತಿ ಇರಬೇಕು ಎಂದುಕೊಂಡು, ಬರಿಗೈಯಲ್ಲಿ ಇರಬಾರದೆಂದು ಅವರು ಒಂದು ದಿನ ಪೋಹೆ, ಒಂದು ದಿನ ಶೇಂಗಾ ಚಟ್ನಿ ಎಂದು ತಂದುಕೊಡತೊಡಗಿದರು. ಹೀಗೆ ಗೋಣಿ ಬರಿದಾಗುವ ತನಕ ನಡೆಯಿತು. ಕೊನೆಗೆ ಅಮ್ಮ ಅಪ್ಪನ ಹತ್ತಿರ, "ಇದೆಂತ ಊರು ಮಾರಾಯ್ರೆ, ಹೆಂಗಸರಿಗೆ ಮರ್ಯಾದೆ ಬೇಡವಾ? ಹಲ್ಲುಜ್ಜುವ ಮೊದಲೇ ಕಾಯಿ ಕೇಳ್ಲಿಕ್ಕೆ ಬರ್ತಾರೆ!" ಎಂದಾಗ, ಹೋಟೆಲಿನ ಗಲ್ಲಾದಲ್ಲಿ ಕೂತು ಮರಾಠಿ ಕಲಿತಿದ್ದ ಅಪ್ಪ ಚಾಪೆಯ ಮೇಲೆ ಹೊರಳಾಡಿ ನಕ್ಕರಂತೆ.

ಅದರಲ್ಲೂ ಅಮ್ಮನದೊಂದು ಕ್ರಮ ಇತ್ತು, ಈಗಲೂ ಇದೆ. ಕಾಯಿ ಒಡೆದರೆ ಕಣ್ಣಿಲ್ಲದ ಹೋಳು ಕೊಡುವುದಕ್ಕೆ, ಕಣ್ಣಿರುವ ಹೋಳು ಮನೆಗೆ. ಸ್ವತಃ ದೇವರೇ ಬಂದು ಕೇಳಿದರೂ ಕಣ್ಣಿರುವ ಹೋಳು ಹೊಸಿಲು ದಾಟುವುದಿಲ್ಲ. ಯಾಕೆಂದು ಕೇಳಿದರೆ, "ಅದು ಹಾಗೆಯೇ" ಎನ್ನುತ್ತಾಳೆ.

ಅಂದಿನಿಂದ ನಮ್ಮ ಮನೆಯಲ್ಲಿ 'ಕಾಯಿ ಕೊಡುವುದು' ಎಂಬ ಮಾತು ಹುಟ್ಟಿತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದಾದರೆ ಅದು ಕಾಯಿ ಕೊಟ್ಟದ್ದು. ನಾನು ಅಪ್ಪನ ಹತ್ತಿರ ಸಿನಿಮಾಕ್ಕೆ ಹೋಗಲೇ ಎಂದು ಕೇಳಿ, ಅವರು ಹದಿನೇಳರ ಮಗ್ಗಿ ಹೇಳು ನೋಡುವಾ ಎಂದರೆ, ಅಪ್ಪ ಕಾಯಿ ಕೊಟ್ಟರು. ಈಗ ನನ್ನ ಗಂಡನಿಗೆ ಫೋನು ಮಾಡಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂದರೆ "ಇಲ್ಲಿ ಏನು ಸೆಕೆ ಮಾರಾಯ್ತಿ" ಎನ್ನುತ್ತಾರಲ್ಲ, ಅದು ಕಾಯಿಯೇ. ಈ ಮಾತನ್ನು ಹುಟ್ಟಿಸಿದವಳು ನಾನು. ಸುಮಿ ತಾನು ಎನ್ನುತ್ತಾಳೆ. ಅದು ಸುಳ್ಳು.

ಸುಮಿಯ ವಿಷಯಕ್ಕೆ ಬರಲೇಬೇಕಾಯಿತು ನೋಡಿ. ಎಷ್ಟು ದೂರ ತಳ್ಳಿದರೂ ಬಂದೇ ಬರುತ್ತಾಳೆ, ಆಗಲೂ ಹೀಗೆಯೇ ಬರುತ್ತಿದ್ದಳು. ಅವಳ ಅಪ್ಪ ನಮ್ಮ ಅಪ್ಪ ಇದ್ದ ಹೋಟೆಲಿನಲ್ಲೇ ಅಡುಗೆಯವರು, ಅದೇ ಚಾಳಿನಲ್ಲಿ ಕೊನೆಯ ಖೋಲಿ. ತಾಯಿ ಇವಳು ಕೂಸಾಗಿರುವಾಗಲೇ ತೀರಿಹೋಗಿದ್ದರು. ಹಾಗಾಗಿ ಶಾಲೆ ಬಿಟ್ಟೊಡನೆ ಸುಮಿ ನಮ್ಮ ಖೋಲಿಗೆ. ನಮ್ಮ ಚಾಪೆ, ನಮ್ಮ ತಟ್ಟೆ, ನಮ್ಮ ಅಮ್ಮ. ಅವಳ ಗುಂಗುರು ಕೂದಲಿಗೆ ಹೊತ್ತು ಹಿಡಿಯುತ್ತದೆಂದು ಅಮ್ಮ ಮೊದಲು ಅವಳ ಜಡೆ ಹೆಣೆಯುತ್ತಿದ್ದಳು. ನಾನು ರಿಬ್ಬನ್ನು ಕೈಯಲ್ಲಿ ಹಿಡಿದು ಕಾಯಬೇಕು. ಕಾಯಿ ಒಡೆದ ನೀರು ಮೊದಲು ಅವಳಿಗೆ, ಉಳಿದರೆ ನನಗೆ. "ಹೊರಗಿನ ಮಗು, ಮೊದಲು ಕೊಡ್ಬೇಕು" ಎನ್ನುವಳು ಅಮ್ಮ. ದಿನಾ ಒಳಗೇ ಇರುವವಳು ಹೊರಗಿನವಳು ಹೇಗಾಗುತ್ತಾಳೆ ಎಂದು ಕೇಳಿದರೆ ನನಗೇ ಬೈಗುಳ.

ಎಲ್ಲಕ್ಕಿಂತ ದೊಡ್ಡ ಜಗಳ ಅವಳು ಅಮ್ಮನನ್ನು ಕರೆಯುವ ವಿಷಯಕ್ಕೆ. ಚಾಳಿನ ಉಳಿದ ಮಕ್ಕಳ ಹಾಗೆ 'ಅತ್ತೆ' ಎನ್ನಬೇಕು ಎಂಬುದು ನನ್ನ ಹಟ. ಅವಳು 'ಚಿಕ್ಕಮ್ಮ' ಎನ್ನುವಳು. ಅತ್ತೆ ಎಂದರೆ ನನ್ನದೇನೂ ಆಕ್ಷೇಪವಿರಲಿಲ್ಲ, ಅದರಲ್ಲಿ ಎಲ್ಲೂ 'ಅಮ್ಮ' ಇಲ್ಲ. ಚಿಕ್ಕಮ್ಮನಲ್ಲಿ ಇದೆಯಲ್ಲ! ನಾನು ಖೋಲಿಯ ಬಾಗಿಲಿಗೆ ಅಡ್ಡ ನಿಂತು, "ಅತ್ತೆ ಅನ್ನು, ಬಿಡ್ತೇನೆ" ಎನ್ನುವುದು, ಅವಳು ನನ್ನ ಕಂಕುಳ ಕೆಳಗಿನಿಂದ ನುಸುಳಿ "ಚಿಕ್ಕಮ್ಮಾ" ಎಂದು ಕೂಗಿಕೊಂಡು ಒಳಗೋಡುವುದು. ನಾನು ಅವಳ ಹಿಂದೆ "ನಂದು, ನಂದು" ಎಂದು ಅರಚಿಕೊಂಡು ಓಡುವುದು. ಚಾಳಿನವರಿಗೆ ದಿನವೂ ಇದೊಂದು ಮನರಂಜನೆ.

ಬರವಣಿಗೆಯಲ್ಲಿ ಮಾತ್ರ ನಾನೇ ಮುಂದೆ ಇದ್ದೆ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ. ನಮ್ಮ ಕನ್ನಡ ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ 'ನೀರಿನ ಮಹತ್ವ' ಎಂಬ ವಿಷಯಕ್ಕೆ ನನಗೆ ಮೊದಲ ಬಹುಮಾನ, ಒಂದು ಸ್ಟೀಲಿನ ತಟ್ಟೆ. ಸುಮಿ ಅದೇ ವಿಷಯಕ್ಕೆ ತನ್ನ ಪುಟ್ಟ ತಮ್ಮ ಬಾವಿಗೆ ಬಿದ್ದು ಸತ್ತ ಕಥೆ ಬರೆದಿದ್ದಳು. ಓದುತ್ತಾ ಓದುತ್ತಾ ಟೀಚರ್ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಮೇಲೆ ನೆನಪಾಯಿತು, "ನಿನಗೆ ತಮ್ಮ ಎಲ್ಲಿದ್ದನೇ?" ಎಂದರು. ಸುಮಿ ಒಂದಿಷ್ಟೂ ಅಳುಕದೆ, "ಇರ್ಲಿಲ್ಲ ಟೀಚರ್. ಆದ್ರೆ ನಿಮಗೆ ಅಳು ಬಂತಲ್ಲ?" ಎಂದಳು. ಅವಳಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ, ನನಗೆ ತಟ್ಟೆ. ನಿಜ ಬರೆದ ನಾನು ಆಮೇಲೆ ದಾದರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸವೆದು, ಕನ್ನಡ ಸಂಘದ ಸ್ಮರಣ ಸಂಚಿಕೆಗೆ ವರ್ಷಕ್ಕೊಂದು ಲೇಖನ ಬರೆದುಕೊಂಡಿದ್ದೇನೆ. ಸುಳ್ಳು ಬರೆದ ಅವಳು ಹಿಂದಿ ಸೀರಿಯಲ್ಲುಗಳ ದೊಡ್ಡ ರೈಟರ್. ತಟ್ಟೆ ಇನ್ನೂ ಇದೆ. ಅದರಲ್ಲಿ ಹಪ್ಪಳ ಒಣಗಿಸುತ್ತೇವೆ.

ಈಗ ಮಳೆ ಶುರುವಾಗುವ ಮೊದಲು ಅವಳ ಹೊಸ ಧಾರಾವಾಹಿ ಬಂತು. ಹೆಸರು ನಾನು ಹೇಳುವುದಿಲ್ಲ, ಅವಳಿಗೆ ಸಿಕ್ಕಿರುವ ಪ್ರಚಾರವೇ ಸಾಕು. ಅದರಲ್ಲಿ ಒಬ್ಬಳು ಲೇಖಕಿ. ಅವಳು ಬರೆದ ಕಥೆಗಳ ಜನ ಒಬ್ಬೊಬ್ಬರಾಗಿ ಬಂದು ಅವಳ ಮನೆಯ ಬೆಲ್ಲು ಒತ್ತುತ್ತಾರೆ. ಬಂದವರು ತಾನು ಬದುಕಿನಲ್ಲಿ ಕಂಡವರೋ ತಾನೇ ಹುಟ್ಟಿಸಿದವರೋ ಎಂದು ಅವಳಿಗೇ ತಿಳಿಯುವುದಿಲ್ಲ. ಪಾಪದ ಗಂಡ, ಎರಡೂ ಥರದವರಿಗೆ ಚಹಾ ಮಾಡಿ ಕೊಡುತ್ತಾನೆ. ಬಂದವರ ಕಪ್ಪು ಖಾಲಿಯಾಗಿದ್ದರೆ ನಿಜದವರು, ತುಂಬಿಯೇ ಇದ್ದರೆ ಕಥೆಯವರು. ಚೆನ್ನಾಗಿದೆಯೇ ಎಂದು ಕೇಳಬೇಡಿ. ಚೆನ್ನಾಗಿದೆ. ಅದೇ ನನ್ನ ಸಂಕಟ.

ಒಂದು ಕಂತಿನಲ್ಲಿ ಬಂದೇಬಿಟ್ಟಳು, ಚಾಳಿನ 'ಅಮ್ಮಾ'. ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಮಾತಿಗೊಮ್ಮೆ "ಅಯ್ಯಯ್ಯೋ" ಎನ್ನುವವಳು. ರೇಷ್ಮೆ ಸೀರೆ ಉಟ್ಟುಕೊಂಡು ಯಾರು ತಾಯೀ ಚಾಳಿನ ನಲ್ಲಿಯಲ್ಲಿ ನೀರು ಹಿಡಿದವರು? ಆದರೆ ಪಕ್ಕದವಳು "ಕಾಯ್?" ಎಂದದ್ದೂ, ಇವಳು ಅನುಮಾನದಿಂದ ನೋಡಿ ಒಳಗೆ ಹೋಗಿ ಅರ್ಧ ಕಾಯಿ ತಂದುಕೊಟ್ಟದ್ದೂ ಬಂದಾಗ, ನಾನು ಬಾಯಿ ಮುಚ್ಚಿಕೊಂಡೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಸೋಫಾದ ತುದಿಗೆ ಬಂದು ಕೂತಳು. "ಕಾಣು, ಸುಮಿ ಎಷ್ಟು ಚಂದ ನೆನಪಿಟ್ಟಿದ್ದಾಳೆ!" ಎಂದಳು. ನಾನು ಈ ಕಥೆಯನ್ನು ಸ್ಮರಣ ಸಂಚಿಕೆಯಲ್ಲಿ ಎರಡು ಸಲ ಬರೆದಿದ್ದೇನೆ. ಆಗ ಯಾರೂ ಸೋಫಾದ ತುದಿಗೆ ಬಂದು ಕೂರಲಿಲ್ಲ.

ಆಮೇಲೆ ನಾನು ನನ್ನನ್ನು ಹುಡುಕಿದೆ. ಹುಡುಕದೆ ಇರುವವರು ಯಾರು ಹೇಳಿ. ಗ್ರೂಪ್ ಫೋಟೋ ಸಿಕ್ಕಿದರೆ ಮೊದಲು ಎಲ್ಲರೂ ತಮ್ಮ ಮುಖವನ್ನೇ ನೋಡುವುದು. ಸುಲೋಚನಾ ಕಾಕು ಇದ್ದಾರೆ, ಅಪ್ಪನೂ ಇದ್ದಾರೆ, ಸುಮಿ ಅಂತೂ ಗುಂಗುರು ಕೂದಲು ಹಾರಿಸಿಕೊಂಡು ಫ್ರೇಮಿನ ತುಂಬ ಇದ್ದಾಳೆ. ನಾನಿಲ್ಲ. ಆ ಅಮ್ಮಾಳಿಗೆ ಮಗಳೇ ಇಲ್ಲ! ಮಗಳ ಜಾಗದಲ್ಲಿ ಒಂದು ಗಿಳಿ. ಬಾಗಿಲ ಪಕ್ಕ ಪಂಜರದಲ್ಲಿ ಕೂತಿರುತ್ತದೆ. ಸುಮಿ ಒಳಗೆ ಕಾಲಿಟ್ಟೊಡನೆ ರೆಕ್ಕೆ ಬಡಿದು, "ಮೇರಾ ಹೈ! ಮೇರಾ ಹೈ!" ಎಂದು, ಎಲ್ಲ ತನ್ನದೇ ಎಂಬ ಹಾಗೆ ಕಿರುಚುತ್ತದೆ. ಒಳ್ಳೆ ತಮಾಷೆಯ ಗಿಳಿ. ನಾನೂ ನಕ್ಕೆ. ನನ್ನ ಗಂಡ ನಗುವುದನ್ನು ನಿಲ್ಲಿಸಿ ಒಮ್ಮೆ ಟಿವಿ, ಒಮ್ಮೆ ನನ್ನ ಮುಖ ನೋಡಿ, "ಈ ಗಿಳಿಯನ್ನು ಎಲ್ಲೋ ನೋಡಿದ ಹಾಗುಂಟಲ್ಲ" ಎಂದರು.

ಆ ರಾತ್ರಿ ಅವರಿಗೆ ಮಜ್ಜಿಗೆಯಿಲ್ಲದೆ ಊಟ.

ಗಿಳಿಯನ್ನಾದರೂ ನುಂಗಿಕೊಳ್ಳುತ್ತಿದ್ದೆ. ಅದೇ ಕಂತಿನ ಕೊನೆಯಲ್ಲಿ ಬಂದದ್ದು ಗಂಟಲಲ್ಲೇ ನಿಂತಿತು. ಹುಡುಗಿ ಚಾಳು ಬಿಟ್ಟು ಹೊರಡುತ್ತಾಳೆ. ಆ ಅಮ್ಮಾ ತನ್ನ ಮುಡಿಯ ಮಲ್ಲಿಗೆಯನ್ನು ಅವಳಿಗೆ ಮುಡಿಸಿ, ಗಲ್ಲ ಹಿಡಿದು ಹೇಳುತ್ತಾಳೆ: "ತೂ ಮೇರಾ ಪೇಟ್ ಮೇ ಪೈದಾ ಹೋನಾ ಥಾ ರೇ." ಹಿಂದಿಯವರು ಯಾರೂ ಹೀಗೆ ಹೇಳುವುದಿಲ್ಲ. ಇದು ನಮ್ಮ ಮಾತು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು. ಅಕ್ಷರಕ್ಕೆ ಅಕ್ಷರ ಹಿಂದಿಗೆ ಎತ್ತಿಟ್ಟಿದ್ದಾಳೆ. ಹಾಗಾದರೆ ಇದರ ಕನ್ನಡವನ್ನು ಅವಳು ಎಲ್ಲೋ ಕೇಳಿರಬೇಕಲ್ಲ? ಯಾರ ಬಾಯಿಂದ? ನಾನು ಮೆಲ್ಲನೆ ಅಮ್ಮನ ಕಡೆ ತಿರುಗಿದೆ. ಅವಳು "ಹಾಲಿಟ್ಟು ಬಂದಿದ್ದೇನೆ" ಎಂದು ಎದ್ದು ಒಳಗೆ ಹೋದಳು.

ಅಲ್ಲಿಂದ ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೇರಿತು. ಆದರೆ ತುತ್ತು ತುತ್ತಿಗೂ ಅದೇ ಯೋಚನೆ. ಅಮ್ಮ ನಿಜವಾಗಿ ಹೇಳಿದ್ದಳೇ? ನಾನು ಶಾಲೆಯ ಬಹುಮಾನ ತಂದಾಗ "ತಟ್ಟೆ ಗಟ್ಟಿ ಉಂಟು" ಎಂದವಳು. ನನ್ನ ಮದುವೆಯ ದಿನ ಎಲ್ಲ ತಾಯಂದಿರೂ ಅಳುವಾಗ "ಬಡಿಸುವವರು ಯಾರೂ ಕಾಣುದಿಲ್ಲ" ಎಂದು ಓಡಾಡಿದವಳು. ನನಗೆ ಒಂದು ಸಿಹಿ ಮಾತು ಆಡದವಳು ಆ ಗುಂಗುರು ಕೂದಲಿನವಳಿಗೆ ಇಂಥ ಮಾತು ಹೇಳಿದ್ದಳೆಂದರೆ, ಇಷ್ಟು ವರ್ಷ ನಾನು 'ನಂದು, ನಂದು' ಎಂದು ಬಾಗಿಲು ಕಾದದ್ದು ಏತಕ್ಕೆ? ಅಮ್ಮನನ್ನೇ ಕೇಳೋಣವೆಂದರೆ ಬಾಯಿ ಬರಲಿಲ್ಲ. ಹೌದು ಎಂದುಬಿಟ್ಟರೆ? ಹಾಗಾಗಿ ಸುಮಿಗೇ ಫೋನು ಮಾಡಿದೆ. ಧಾರಾವಾಹಿ ನೋಡಿದೆ, ಭೇಷ್, ಒಮ್ಮೆ ಸಿಗೋಣ ಎಂದೆ. ನನ್ನ ಸ್ವರದಲ್ಲಿ ಎಷ್ಟು ಸಕ್ಕರೆ ಇತ್ತೆಂದರೆ ನನಗೇ ಹೇಸಿಗೆಯಾಯಿತು.

ಕಳೆದ ಶನಿವಾರ ದಾದರ್ ಸ್ಟೇಶನ್ನಿನ ಹತ್ತಿರ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಸಿಕ್ಕಿದೆವು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ, ಬೆಳ್ಳಿ ಬಣ್ಣಕ್ಕೆ ಬಿಟ್ಟಿದ್ದಾಳೆ, ಚಂದ ಕಾಣುತ್ತಾಳೆ, ಹಾಳಾಗಿ ಹೋಗಲಿ. ಕುರ್ಲಾದಲ್ಲಿ ಕಲಿತ ಹಾಗೆಯೇ, "ಕಾಯ್ ಗ?" ಎಂದು ತಬ್ಬಿಕೊಂಡಳು. ಏನೇ ಎಂಬುದಕ್ಕೆ ಅದು ನಮ್ಮ ಹುಡುಗಿಯರ ಮರಾಠಿ. ಗೋಳಿಬಜೆ ಬರುವ ತನಕ ನಾನು ತಡೆದುಕೊಂಡೆ.

"ಗಿಳಿ ಯಾರು?" ಎಂದೆ.

"ಗಿಳಿ? ಅರೇ, ಗಿಳಿ ಗಿಳಿಯೇ."

"ಕಾಯಿ ಕೊಡ್ಬೇಡ."

ಅವಳು ಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ ನಕ್ಕಳು. "ನೋಡು ಗ, ನಾನು ಮೊದ್ಲು ಮಗಳನ್ನೇ ಬರೆದದ್ದು. ಪ್ರೊಡ್ಯೂಸರ್ ಹೇಳಿದ, ಚಾಳಿನಲ್ಲಿ ಇಬ್ರು ಹುಡುಗಿಯರು ಬೇಡ, ಖಾಲೀಪೀಲಿ ಕನ್‌ಫ್ಯೂಜನ್, ಒಬ್ಬಳನ್ನ ಕಾಟ್ ಡಾಲೋ ಅಂತ. ನನ್ನಿಂದ ಆಗ್ಲಿಲ್ಲ. ನೀನಿಲ್ಲದೆ ಆ ಖೋಲಿ ಖೋಲಿಯ ಹಾಗೆ ಕಾಣ್ತಾನೇ ಇರ್ಲಿಲ್ಲ. ಕಡೇಪಕ್ಷ ಗಿಳಿ ಇರ್ಲಿ ಅಂದೆ."

ಇದಕ್ಕೆ ಖುಷಿಪಡಬೇಕೋ ಬಜೆ ಅವಳ ತಲೆಯ ಮೇಲೆ ಸುರಿಯಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಬಿಟ್ಟು, ಬಂದ ಕೆಲಸಕ್ಕೆ ಇಳಿದೆ. "ಆ ಕೊನೆಯ ಮಾತು? ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಅಂತ. ಅದನ್ನು ಅಮ್ಮ ಯಾವಾಗ ಹೇಳಿದ್ದು ನಿನಗೆ?"

ಸುಮಿಯ ನಗು ಇಳಿಯಿತು. ಚಮಚದಿಂದ ಚಟ್ನಿಯನ್ನು ಅತ್ತಿತ್ತ ಮಾಡಿದಳು. "ಚಿಕ್ಕಮ್ಮ ಎಲ್ಲಿ ಹೇಳಿದ್ರು? ಹೇಳಿದ್ರೆ ನಾನು ಬರೀಬೇಕಿತ್ತಾ? ಒಂದ್ಸಲ ಹೇಳ್ತಾರೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಚಾಳು ಬಿಡುವ ದಿನದ ತನಕ ಕಾದೆ. ಆ ದಿನ ಅವರು ಹೇಳಿದ್ದು, ದಾರಿಯಲ್ಲಿ ಬಾಯಾರಿಕೆ ಆಗ್ತದೆ, ನೀರಿನ ಬಾಟ್ಲಿ ತಗೊಂಡ್ಯಾ ಅಂತ. ಮತ್ತೆಂತ ಮಾಡುದು? ನಾನೇ ಬರೆದು ಹೇಳಿಸಿಕೊಂಡೆ. ಅದೊಂದು ಡೈಲಾಗ್ ಮಾತ್ರ ಪೂರಾ ಸುಳ್ಳು."

ಇಂಥ ಮಾತು ಕೇಳಿದರೆ ಮನುಷ್ಯರಿಗೆ ಕರುಳು ಚುರ್ ಎನ್ನಬೇಕು. ನನಗೂ ಎಂದಿತು, ಆದರೆ ಸ್ವಲ್ಪ ತಡವಾಗಿ. ಮೊದಲು ಬಂದದ್ದು ಸಂತೋಷ. ಹೇಳಲಿಲ್ಲ! ಅಮ್ಮ ಹೇಳಲೇ ಇಲ್ಲ! ಅವಳಿಗೂ ನೀರಿನ ಬಾಟ್ಲಿಯೇ! ನಾನು ವೇಟರನ್ನು ಕರೆದು ಇನ್ನೊಂದು ಪ್ಲೇಟು ಗೋಳಿಬಜೆ ಹೇಳಿದೆ, ಬಿಲ್ಲೂ ನಾನೇ ಕೊಟ್ಟೆ. ವಾಪಸು ಬರುವಾಗ ಟ್ರೇನಿನಲ್ಲಿ ನನ್ನ ಕಾಲು ತುಳಿದವಳಿಗೂ "ಪರವಾಗಿಲ್ಲ" ಎಂದು ಮುಗುಳ್ನಕ್ಕೆ. ಕಾಂದಿವಲಿಯಲ್ಲಿ ಇಳಿದು ಗಂಡನಿಗೆ ಮಜ್ಜಿಗೆಗೆಂದು ಮೊಸರು ತಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಿಡಲಿಲ್ಲ. ಇವತ್ತು ಬೆಳಿಗ್ಗೆ ಭಾಭಿ ಫೋಟೋ ಹೊಡೆಸಿಕೊಂಡು ಹೋದ ಮೇಲೆ, ಅಮ್ಮ ಕೆನ್ನೆ ಕೆಂಪು ಮಾಡಿಕೊಂಡು, "ಸುಮಿಯಿಂದಾಗಿ ಈ ಪ್ರಾಯದಲ್ಲಿ ನಾನು ಹೀರೋಯಿನ್ ಆದೆ" ಎನ್ನುತ್ತಾ ತುರಿಮಣೆಯ ಮುಂದೆ ಕೂತಳು. ನನ್ನ ಹೊಟ್ಟೆಯ ಬೆಂಕಿಗೆ ಆ ಮಾತು ತುಪ್ಪ ಹೊಯ್ಯಿತು. ಕಣ್ಣಿರುವ ಹೋಳನ್ನು ಅವಳ ಕೈಗೆ ಕೊಡುತ್ತಾ ಹೇಳಿಯೇಬಿಟ್ಟೆ.

"ನಿನ್ನ ಸುಮಿ ಟಿವಿಯಲ್ಲಿ ಸುಳ್ಳು ಬರೆದಿದ್ದಾಳೆ, ಗೊತ್ತುಂಟಾ? ನೀನು ಅವಳಿಗೆ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಅಂತ ಹೇಳಿದ ಹಾಗೆ. ಅವಳೇ ಒಪ್ಪಿಕೊಂಡಳು, ನೀನು ಹೇಳಲೇ ಇಲ್ಲವಂತೆ."

ಅಮ್ಮ ತುರಿಯುತ್ತಲೇ, "ಸುಳ್ಳೆಂತದು? ಹೇಳಿದ್ದೆನಲ್ಲ" ಎಂದಳು.

"ಯಾವಾಗ?"

"ಅವಳಿಗೆ ಟೈಫಾಯ್ಡ್ ಆದಾಗ. ಅವಳ ಅಪ್ಪನಿಗೆ ರಜೆ ಸಿಗ್ಲಿಲ್ಲ, ನಮ್ಮಲ್ಲೇ ಮಲಗಿಸಿದ್ದೆವು. ಮೈ ಕಾದ ಕಾವಲಿ. ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದೆ. ಆ ಮಗು ಕಣ್ಣು ಮುಚ್ಚಿಕೊಂಡು 'ಅಮ್ಮಾ, ಅಮ್ಮಾ' ಅಂತ ಬಡಬಡಿಸ್ತಿತ್ತು. ಇಲ್ಲದ ಅಮ್ಮನನ್ನು ನಾನು ಎಲ್ಲಿಂದ ತಂದು ಕೊಡ್ಲಿ? ಬಾಯಿಗೆ ಬಂತು, ಹೇಳಿದೆ."

"ಅವಳಿಗೆ ಎಚ್ಚರ ಇತ್ತಾ?"

"ಎಲ್ಲಿಯ ಎಚ್ಚರ! ಅವಳಿಗೆ ಕೇಳಿಸ್ಲಿಲ್ಲ ಅಂತಲೇ ನಾನು ಎಣಿಸಿದ್ದು."

ಕೇಳಿಸಿತ್ತು. ಜ್ವರದಲ್ಲಿ ಎಲ್ಲೋ ಕಿವಿಯಿಂದ ಒಳಗಿಳಿದದ್ದು ಇಷ್ಟು ವರ್ಷ ಅಲ್ಲೇ ಕೂತಿದ್ದು ಈಗ ಹೊರಬಂದಿದೆ. ಅವಳು ಅದನ್ನು ತಾನೇ ಹುಟ್ಟಿಸಿದ್ದು ಎಂದುಕೊಂಡು, ಪೂರಾ ಸುಳ್ಳು ಎಂದು ನನ್ನೆದುರು ಚಟ್ನಿ ಕಲಕುತ್ತಾ ಕೂತಿದ್ದಳು. ಅವಳ ಧಾರಾವಾಹಿಯ ಲೇಖಕಿಯ ಅವಸ್ಥೆಯೇ ಅವಳದೂ ಆಯಿತು.

"ನಾನೆಲ್ಲಿದ್ದೆ ಆಗ?" ಎಂದೆ.

"ನೀನಾ? ಬಾಗಿಲ ಹತ್ತಿರ ಮುಖ ಊದಿಸಿಕೊಂಡು ಕೂತಿದ್ದೆ, ನನಗೂ ಟೈಫಾಯ್ಡ್ ಉಂಟು ಅಂತ."

ನಗು ಬರಬೇಕಿತ್ತು. ಬರಲಿಲ್ಲ. ತಲೆಯ ಕೂದಲು ನರೆತ ಹೆಂಗಸು ಅಡುಗೆಮನೆಯಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲ ಎಂದು ಗೊತ್ತಿದ್ದೂ ಕೇಳಿದೆ. ಕೇಳುವಾಗ ನನ್ನ ಸ್ವರ ಆ ಚಾಳಿನ ಬಾಗಿಲಲ್ಲಿದ್ದ ಸ್ವರವೇ ಆಗಿತ್ತು. "ನನಗೆ ಯಾವತ್ತಾದರೂ ಹೇಳಿದ್ದೀಯಾ ಹಾಗೆ?"

ಅಮ್ಮ ತುರಿಯುವುದನ್ನು ನಿಲ್ಲಿಸಿದಳು. ಇದೆಂಥ ಪೆದ್ದು ಹುಟ್ಟಿದೆ ನನಗೆ ಎಂಬ ಹಾಗೆ ನೋಡಿದಳು.

"ನಿನಗೆ ಯಾಕೆ ಹೇಳುದು? ಹುಟ್ಟಬೇಕಿತ್ತು ಅಂತ ಹುಟ್ಟದವರಿಗೆ ಹೇಳುದು. ನೀನು ಹುಟ್ಟಿ ಆಗಿತ್ತಲ್ಲ ಮಾರಾಯ್ತಿ!"

ಹೇಳಿದವಳು ಮತ್ತೆ ತಲೆ ತಗ್ಗಿಸಿ, "ಮೆಣಸು ನೆನೆಹಾಕಿದ್ದೀಯಾ?" ಎಂದು ಕೇಳಿದಳು. ನಾನು ಮೆಣಸಿನ ಡಬ್ಬ ಹುಡುಕುವ ನೆಪದಲ್ಲಿ ಅವಳಿಗೆ ಬೆನ್ನು ಹಾಕಿ ನಿಂತೆ. ಡಬ್ಬ ಕಣ್ಣೆದುರೇ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಆಗ ಫೋನು ಬಂತು. ಸುಮಿ. "ಕಾಯ್ ಗ?" ಎಂದಳು.

ಅವಳಿಗೆ ಬೇಕಾಗಿದ್ದದ್ದು ಏನೋ ಸಣ್ಣದು. ಮುಂದಿನ ಕಂತಿಗೆ ಪತ್ರೊಡೆ ಮಾಡುವ ದೃಶ್ಯ ಇದೆಯಂತೆ, ಚಿಕ್ಕಮ್ಮ ಎಲೆಯ ಯಾವ ಬದಿಗೆ ಹಿಟ್ಟು ಹಚ್ಚುತ್ತಿದ್ದರು ಎಂದು ಕೇಳಿದಳು. ಹೇಳಿ ಇಟ್ಟುಬಿಡಬಹುದಿತ್ತು. ಖಂಡಿತ ಇಟ್ಟುಬಿಡಬಹುದಿತ್ತು. ನಾನು ಬಾಯಿ ಬಿಡದಿದ್ದರೆ ಆ ಮಾತು ಅವಳ ಪಾಲಿಗೆ ಕೊನೆಯ ತನಕ ಸುಳ್ಳಾಗಿಯೇ ಉಳಿಯುತ್ತಿತ್ತು, ಗೆದ್ದವಳು ನಾನಾಗಿರುತ್ತಿದ್ದೆ. ಇಡೀ ಮುಂಬಯಿಗೇ ಹೆಸರು ಗೊತ್ತಿರುವ ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಕೈಯಲ್ಲಿತ್ತು. ಅಂಥ ಸುಖವನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ.

"ಸುಮೀ, ನಿನಗೆ ಟೈಫಾಯ್ಡ್ ಆಗಿತ್ತಲ್ಲ," ಎಂದೆ.

"ಪತ್ರೊಡೆ ಕೇಳಿದ್ರೆ ಟೈಫಾಯ್ಡ್? ಕಾಯಿ ಕೊಡ್ತೀಯಾ?"

"ಹೌದು. ಸುಮ್ಮನೆ ತಗೊ," ಎಂದು, ಅಮ್ಮ ಹೇಳಿದ್ದನ್ನು ಹೇಳಿದೆ. ಒದ್ದೆ ಬಟ್ಟೆ, ಬಡಬಡಿಕೆ, ಆ ಮಾತು. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅತ್ತ ಕಡೆ ಅವಳು ಮೂಗೆಳೆದುಕೊಂಡದ್ದು ಕೇಳಿಸಿತು.

"ಸಚ್?" ಎಂದಳು.

"ಸಚ್."

"ಮತ್ತೇನು ಹೇಳಿದ್ರು ಚಿಕ್ಕಮ್ಮ?"

"ಮತ್ತೇನೂ ಇಲ್ಲ," ಎಂದೆ.

ಫೋನಿಟ್ಟು ತಿರುಗಿದರೆ, ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. "ಯಾರು, ಸುಮಿಯಾ? ಎಂತ ಬೇಕಂತೆ?"

"ಪತ್ರೊಡೆ ಕೇಳಿದಳು. ಕಾಯಿ ಕೊಟ್ಟೆ."

ಅಮ್ಮನ ಮುಖದಲ್ಲಿ ನಗು ಬಂತೋ ಇಲ್ಲವೋ, ಅವಳದ್ದು ಹೇಳಲಾಗುವುದಿಲ್ಲ. "ಯಾವ ಹೋಳು?" ಎಂದಳು.

"ಕಣ್ಣಿಲ್ಲದ್ದು," ಎಂದೆ. "ಇನ್ನೊಂದು ನಂದು."